ಹಳೆಯ ಪುಸ್ತಕ ಹುಡುಕುತ್ತ ಕಾರಿನಲ್ಲಿ ದಕ್ಷಿಣದ ಸುತ್ತು: ಮನೆಯಿಂದ ಹೊರಟು ಮನೆ ಸೇರುವವರೆಗೆ

ಹಳೆಯ ಪುಸ್ತಕ ಹುಡುಕಲೆಂದು ಕಾರು ತೆಗೆದುಕೊಂಡು ಹೋಗಿ ಬಂದವರು ಹೇಳುವ ದೂರುಗಳು ಮೂರೇ. ಮನೆಯಲ್ಲಿದ್ದ ಪುಸ್ತಕವನ್ನೇ ಮತ್ತೆ ಕೊಂಡು ತಂದೆವು. ತಂದ ಪುಸ್ತಕದ ನಡುವೆ ಹದಿನಾರು ಪುಟಗಳೇ ಇರಲಿಲ್ಲ. ತಂದದ್ದರಿಂದ ಹುಳು ಹತ್ತಿ, ಮೊದಲಿದ್ದ ಪುಸ್ತಕಗಳೂ ಹಾಳಾದವು.

ಈ ಮೂರರಲ್ಲಿ ಎರಡು ತಪ್ಪುಗಳು ನಡೆಯುವುದು ರಸ್ತೆಯಲ್ಲಲ್ಲ, ಮನೆಯಲ್ಲಿ. ಹೊರಡುವ ಮುಂಚೆ ಕಪಾಟಿನ ಮುಂದೆ ಕುಳಿತು ಮಾಡಬೇಕಾದ ಕೆಲಸವನ್ನು ಬಿಟ್ಟದ್ದರಿಂದ ಒಂದು, ಬಂದ ಮೇಲೆ ಅವಸರ ಮಾಡಿದ್ದರಿಂದ ಇನ್ನೊಂದು. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ಮಾಡಿ. ದಾರಿಯ ವಿವರ ನಾಲ್ಕನೆಯ ಹಂತದಲ್ಲಿ ಬರುತ್ತದೆ. ಮೊದಲಿನ ಮೂರನ್ನು ಹಾರಿಸಿ ಅಲ್ಲಿಗೆ ಹೋಗಬೇಡಿ.

ಹಂತ 1: ಕಪಾಟಿನಲ್ಲಿ ಜಾಗ ಮಾಡಿ, ಅಳೆದು ಬರೆದಿಡಿ

ಹೊರಡುವುದಕ್ಕೆ ಎರಡು ವಾರ ಮೊದಲೇ ಕಪಾಟಿನ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ. ಒಂದೇ ದಿನ ಬೇಡ, ದಿನಕ್ಕೊಂದು ಸಾಲು ಸಾಕು. ಸಂಜೆ ಕುಕ್ಕರ್ ಕೂಗುವಷ್ಟರಲ್ಲಿ ಒಂದು ಸಾಲು ಮುಗಿಯುತ್ತದೆ. ಒಣಬಟ್ಟೆಯಿಂದ ಹಲಗೆ ಒರೆಸಿ, ಗೋಡೆಯ ಕಡೆಯ ಮೂಲೆಗಳನ್ನು ಟಾರ್ಚ್ ಹಾಕಿ ನೋಡಿ. ಮಣ್ಣಿನ ಸಣ್ಣ ಗೆರೆ ಕಂಡರೆ ಅದು ಗೆದ್ದಲಿನ ದಾರಿ. ಅದನ್ನು ಸರಿಪಡಿಸುವವರೆಗೆ ಪ್ರವಾಸವನ್ನೇ ಮುಂದಕ್ಕೆ ಹಾಕಿ.

ಆಮೇಲೆ ಖಾಲಿ ಜಾಗವನ್ನು ಟೇಪಿನಿಂದ ಅಳೆಯಿರಿ. ಸಾಮಾನ್ಯ ಗಾತ್ರದ ಪುಸ್ತಕಗಳು ಒಂದು ಅಡಿ ಉದ್ದದ ಸಾಲಿಗೆ ಸುಮಾರು 8ರಿಂದ 10 ಕಿಲೋ ತೂಗುತ್ತವೆ. ಮೂರು ಅಡಿ ಹಲಗೆಯ ಮೇಲೆ ಹತ್ತಿರ ಹತ್ತಿರ 30 ಕಿಲೋ ಬೀಳುತ್ತದೆ. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆ ಇಷ್ಟು ಭಾರಕ್ಕೆ ಎರಡು ಮಳೆಗಾಲ ಕಳೆಯುವುದರೊಳಗೆ ನಡುವೆ ಬಾಗುತ್ತದೆ. ಬಾಗಿದ್ದರೆ ನಡುವೆ ಒಂದು ಆಸರೆ ಕೊಡಿಸಿ.

ನಮ್ಮ ಮನೆಯಲ್ಲಿ ಈ ಅಳತೆಯೇ ಕೊಳ್ಳುವ ಮಿತಿ. ನಾಲ್ಕು ಅಡಿ ಖಾಲಿ ಇದ್ದರೆ ನಾಲ್ಕು ಅಡಿಯಷ್ಟು ಪುಸ್ತಕ, ಅದರ ಮೇಲೆ ಒಂದು ಅಂಗುಲವೂ ಇಲ್ಲ. ಹಣದ ಮಿತಿಯನ್ನು ಅಂಗಡಿಯಲ್ಲಿ ಮೀರಿಬಿಡಬಹುದು, ಜಾಗದ ಮಿತಿ ಮೀರಿದರೆ ಪುಸ್ತಕಗಳು ಮಂಚದ ಕೆಳಗೆ ಹೋಗುತ್ತವೆ. ನೆಲದ ತೇವ, ಜಿರಳೆ, ಒರೆಸುವಾಗ ತಗಲುವ ನೀರು ಎಲ್ಲವೂ ಸಿಗುವ ಜಾಗ ಅದು. ಮನೆಯವರೆಲ್ಲರೂ ಕೂತು ಈ ಅಳತೆಯನ್ನು ಒಪ್ಪಿಕೊಳ್ಳಿ. ಮಕ್ಕಳ ಪುಸ್ತಕಕ್ಕೆ ಎಷ್ಟು, ಅಡುಗೆ ಮತ್ತು ಹಾಡಿನ ಪುಸ್ತಕಕ್ಕೆ ಎಷ್ಟು ಎಂದು ಮೊದಲೇ ಹಂಚಿಕೊಂಡರೆ ದಾರಿಯಲ್ಲಿ ಯಾರ ಮುಖವೂ ಬಾಡುವುದಿಲ್ಲ.

ಹಂತ 2: ಎರಡು ಪಟ್ಟಿ ಬರೆಯಿರಿ

ಒಂದು, ಇರುವುದರ ಪಟ್ಟಿ. ಇನ್ನೊಂದು, ಬೇಕಾದುದರ ಪಟ್ಟಿ. ಹೆಚ್ಚಿನವರು ಎರಡನೆಯದನ್ನು ಮಾತ್ರ ಮಾಡುತ್ತಾರೆ. ಇದ್ದ ಪುಸ್ತಕವೇ ಮತ್ತೆ ಮನೆಗೆ ಬರುವುದು ಇದರಿಂದಲೇ.

ಇರುವುದರ ಪಟ್ಟಿಗೆ ಸುಲಭದ ದಾರಿ, ಪ್ರತಿ ಸಾಲಿನ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳುವುದು. ಆದರೆ ಹಳೆಯ ಕನ್ನಡ ಪುಸ್ತಕಗಳ ಬೆನ್ನಿನ ಮೇಲೆ ಹೆಸರು ಅಳಿಸಿರುತ್ತದೆ, ಇಲ್ಲವೇ ಬೈಂಡು ಮಾಡಿಸಿದಾಗ ಮುಚ್ಚಿಹೋಗಿರುತ್ತದೆ. ಅಂಥವನ್ನು ಕೈಯಿಂದಲೇ ಬರೆಯಬೇಕು: ಹೆಸರು, ಲೇಖಕರು, ಮುದ್ರಣದ ವರ್ಷ, ಎಷ್ಟನೆಯ ಮುದ್ರಣ. ಸಂಪುಟಗಳಿರುವ ಪುಸ್ತಕವಾದರೆ ಯಾವ ಸಂಪುಟ ಇದೆ, ಯಾವುದು ಇಲ್ಲ ಎಂಬುದನ್ನು ತಪ್ಪದೆ ಬರೆಯಿರಿ.

ಬೇಕಾದುದರ ಪಟ್ಟಿಯಲ್ಲಿ ಇಪ್ಪತ್ತೈದಕ್ಕಿಂತ ಹೆಚ್ಚು ಹೆಸರು ಬೇಡ. ಪ್ರತಿ ಹೆಸರಿನ ಎದುರು ಒಂದು ಪ್ರಶ್ನೆಗೆ ಉತ್ತರವಿರಲಿ: ಇದು ಈಗ ಹೊಸದಾಗಿ ಅಚ್ಚಾಗಿ ಸಿಗುತ್ತಿದೆಯೇ? ಪ್ರಕಾಶಕರಿಗೆ ಒಂದು ಫೋನ್ ಮಾಡಿದರೆ ತಿಳಿಯುತ್ತದೆ. ಮರುಮುದ್ರಣ ಸಿಗುವಂತಿದ್ದರೆ, ಓದುವುದಷ್ಟೇ ನಿಮ್ಮ ಉದ್ದೇಶವಾದರೆ, ಹಳೆಯ ಪ್ರತಿಗಾಗಿ ಸಾವಿರಾರು ರೂಪಾಯಿ ಕೊಡುವ ಅಗತ್ಯವಿಲ್ಲ. ಹಕ್ಕುಸ್ವಾಮ್ಯ ಮುಗಿದ ಎಷ್ಟೋ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಅದನ್ನೂ ನೋಡಿಕೊಳ್ಳಿ.

ಎರಡೂ ಪಟ್ಟಿಗಳನ್ನು ಕಾಗದದ ಮೇಲೂ ಇಟ್ಟುಕೊಳ್ಳಿ. ಕಿಕ್ಕಿರಿದ ಅಂಗಡಿಯ ಅಟ್ಟದ ಮೇಲೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ.

ಹಂತ 3: ಕಾರಿಗೆ ತುಂಬಬೇಕಾದ ಸಲಕರಣೆ

ಹೊಸ ರಟ್ಟಿನ ಪೆಟ್ಟಿಗೆಗಳು ಆರು. ದಿನಸಿ ಅಂಗಡಿಯಿಂದ ಹಳೆಯ ಬಿಸ್ಕತ್ತಿನ ಪೆಟ್ಟಿಗೆ ತರಬೇಡಿ. ಅವುಗಳ ಮಡಿಕೆಗಳಲ್ಲಿ ಜಿರಳೆಯ ಮೊಟ್ಟೆ ಇರುತ್ತದೆ. ಒಂದೊಂದು ಪೆಟ್ಟಿಗೆ ತುಂಬಿದ ಮೇಲೆ 12 ಕಿಲೋ ದಾಟದಷ್ಟು ಚಿಕ್ಕದಿರಲಿ. ದೊಡ್ಡ ಪೆಟ್ಟಿಗೆಯ ತಳ ಮನೆಯ ಮೆಟ್ಟಿಲ ಮೇಲೆಯೇ ಬಿಚ್ಚಿಕೊಳ್ಳುತ್ತದೆ.

ಒಗೆದು ಒಣಗಿಸಿದ ಹಳೆಯ ಹತ್ತಿ ಸೀರೆ ಮತ್ತು ಪಂಚೆ ನಾಲ್ಕೈದು. ಪುಸ್ತಕ ಸುತ್ತಲು ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಇದನ್ನು ನನಗೆ ಹೇಳಿಕೊಟ್ಟವರು ನಮ್ಮ ಅತ್ತೆ. ಅವರು ಉಪ್ಪಿನಕಾಯಿ ಜಾಡಿಗೆ ಸುತ್ತಿ ಕಳಿಸುತ್ತಿದ್ದ ಹಾಗೆಯೇ ಪುಸ್ತಕವನ್ನೂ ಸುತ್ತಿ ಕೊಟ್ಟರು. ದಿನಪತ್ರಿಕೆ ಬಳಸಿದರೆ ಮಸಿ ಮುಖಪುಟಕ್ಕೆ ಹತ್ತುತ್ತದೆ.

ಉಳಿದಂತೆ: ಮುಚ್ಚಬಹುದಾದ ದಪ್ಪ ಪ್ಲಾಸ್ಟಿಕ್ ಚೀಲಗಳು, ಮೃದುವಾದ ಬಣ್ಣದ ಬ್ರಷ್ಷು, ಚಿಕ್ಕ ಟಾರ್ಚ್, ಸೀಸದ ಕಡ್ಡಿ, ಮೂಗು ಬಾಯಿ ಮುಚ್ಚುವ ಎನ್-95 ಮಾಸ್ಕ್, ಒಂದು ಬಿಳಿ ಕಾಗದದ ಹಾಳೆ. ಈ ಬಿಳಿ ಹಾಳೆ ಯಾಕೆಂದು ಐದನೆಯ ಹಂತದಲ್ಲಿ ತಿಳಿಯುತ್ತದೆ. ಚಿಲ್ಲರೆ ಹಣವಾಗಿ ಹತ್ತರಿಂದ ನೂರರವರೆಗಿನ ನೋಟುಗಳಿರಲಿ. ಯುಪಿಐ ಬಹುತೇಕ ಕಡೆ ನಡೆಯುತ್ತದೆ, ಆದರೆ ರಸ್ತೆಬದಿಯ ಮುದುಕರ ಬಳಿ ನಗದೇ ಬೇಕು.

ಹಂತ 4: ದಾರಿ ಮತ್ತು ವಾರ ಗೊತ್ತುಮಾಡಿ

ನಾನು ಸೂಚಿಸುವ ಸುತ್ತು ಬೆಂಗಳೂರಿನಿಂದ ಚೆನ್ನೈ, ತಂಜಾವೂರು, ಕೊಯಮತ್ತೂರು, ಮೈಸೂರು ಮುಟ್ಟಿ ಮರಳುವುದು. ಒಟ್ಟು ಸುಮಾರು 1,300 ಕಿಲೋಮೀಟರ್, ಆರು ದಿನ. ಬೇಸಿಗೆಯ ರಜೆಯಲ್ಲಿ ಬೇಡ, ಮಳೆಯಲ್ಲಂತೂ ಬೇಡವೇ ಬೇಡ. ಚೆನ್ನೈ ಮತ್ತು ತಂಜಾವೂರಿಗೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆ ಬರುತ್ತದೆ. ಜನವರಿಯ ಕೊನೆಯಿಂದ ಫೆಬ್ರವರಿ ಮುಗಿಯುವವರೆಗಿನ ಕಾಲ ಒಳ್ಳೆಯದು.

ಮೊದಲ ದಿನ ಬೆಂಗಳೂರಿನಲ್ಲೇ ಕಳೆಯಿರಿ. ಊರಿನಲ್ಲಿ ಸಿಗುವುದನ್ನು ದೂರದಲ್ಲಿ ಹುಡುಕಬಾರದು. ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳಿಗೆ ಕಾರು ತೆಗೆದುಕೊಂಡು ಹೋಗಬೇಡಿ, ನಿಲ್ಲಿಸಲು ಜಾಗ ಸಿಗುವುದಿಲ್ಲ. ಮೆಟ್ರೋದಲ್ಲಿ ಹೋಗಿ ಚಿಕ್ಕಪೇಟೆಯಲ್ಲಿ ಇಳಿಯಿರಿ. ಅಲ್ಲಿ ಪಠ್ಯಪುಸ್ತಕಗಳೇ ಹೆಚ್ಚು. ಕನ್ನಡ ಸಾಹಿತ್ಯ ಬೇಕೆಂದು ಬಾಯಿಬಿಟ್ಟು ಕೇಳಿದರೆ ಒಳಗಿನಿಂದ ತೆಗೆದು ತೋರಿಸುತ್ತಾರೆ. ಬ್ರಿಗೇಡ್ ರಸ್ತೆಯ ಪಕ್ಕದ ಓಣಿಯಲ್ಲಿರುವ ಸೆಲೆಕ್ಟ್ ಬುಕ್‌ಶಾಪ್ 1945ರಿಂದ ಇದೆ. ಅಪರೂಪದ ಇಂಗ್ಲಿಷ್ ಪುಸ್ತಕಗಳಿಗೆ ಅಲ್ಲಿ ನೋಡಿ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಮಾರಾಟ ಮಳಿಗೆಯನ್ನು ತಪ್ಪಿಸಬೇಡಿ. ಪರಿಷತ್ತಿನ ಹಳೆಯ ಪ್ರಕಟಣೆಗಳು ಮುದ್ರಿತ ಬೆಲೆಗೇ ಉಳಿದಿರುವುದು ಉಂಟು.

ಶನಿವಾರ ಚೆನ್ನೈ ತಲುಪುವಂತೆ ಹೊರಡಿ, ಸುಮಾರು 350 ಕಿಲೋಮೀಟರ್. ಕಾರಣ, ಟ್ರಿಪ್ಲಿಕೇನ್‌ನ ಪೈಕ್ರಾಫ್ಟ್ಸ್ ರಸ್ತೆಯ ಕಾಲುದಾರಿಯಲ್ಲಿ ಹಳೆ ಪುಸ್ತಕ ಹರಡುವುದು ಭಾನುವಾರ. ಈಗ ಆ ರಸ್ತೆಯ ಹೆಸರು ಭಾರತಿ ಸಾಲೈ. ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರುವ ಮುಂಚೆ ಒಂದು ಸುತ್ತು ಮುಗಿಸಿ. ಮೂರ್ ಮಾರ್ಕೆಟ್ಟಿನ ಹಳೆಯ ಕಟ್ಟಡ 1985ರ ಬೆಂಕಿಯಲ್ಲಿ ಸುಟ್ಟುಹೋಯಿತು. ಸೆಂಟ್ರಲ್ ನಿಲ್ದಾಣದ ಪಕ್ಕ ಆಮೇಲೆ ಕಟ್ಟಿದ ಸಂಕೀರ್ಣದಲ್ಲಿ ಕೆಲವು ಪುಸ್ತಕದಂಗಡಿಗಳಿವೆ.

ಕನ್ನಡ ಓದುಗರಿಗೆ ಚೆನ್ನೈ ಯಾಕೆ ಎಂದು ಕೇಳುವವರಿದ್ದಾರೆ. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ 1956ರವರೆಗೆ ಮದರಾಸಿನ ಆಡಳಿತದಲ್ಲಿದ್ದವು. ಮದರಾಸು ವಿಶ್ವವಿದ್ಯಾನಿಲಯ ಹಳಗನ್ನಡ ಕೃತಿಗಳನ್ನು ಸಂಪಾದಿಸಿ ಪ್ರಕಟಿಸಿತ್ತು. ಆ ಕಾಲದ ಕನ್ನಡ ಪುಸ್ತಕಗಳು ಇಂದಿಗೂ ತಮಿಳು, ತೆಲುಗು ರಾಶಿಗಳ ನಡುವೆ ಸೇರಿರುತ್ತವೆ. ಮಾರುವವರು ಅವನ್ನು ತೆಲುಗು ಎಂದುಕೊಂಡಿರುತ್ತಾರೆ, ಲಿಪಿ ಹತ್ತಿರದ್ದಲ್ಲವೇ. ಆದ್ದರಿಂದ ಅಲ್ಲಿ ಕನ್ನಡ ಪುಸ್ತಕ ಎಲ್ಲಿದೆ ಎಂದು ಕೇಳಿ ನಿರಾಶರಾಗಬೇಡಿ. ತೆಲುಗು ರಾಶಿ ಎಲ್ಲಿದೆ ಎಂದು ಕೇಳಿ, ನೀವೇ ಕೂತು ಹುಡುಕಿ.

ತಂಜಾವೂರಿನಲ್ಲಿ ಸರಸ್ವತಿ ಮಹಲ್ ಗ್ರಂಥಾಲಯ ಹಸ್ತಪ್ರತಿಗಳಿಂದ ಸಂಪಾದಿಸಿದ ತನ್ನ ಪ್ರಕಟಣೆಗಳನ್ನು ಮಾರುತ್ತದೆ. ಸಂಸ್ಕೃತ, ಸಂಗೀತ, ವೈದ್ಯದಲ್ಲಿ ಆಸಕ್ತಿ ಇದ್ದರೆ ಮಾತ್ರ ಹೋಗಿ, ಇಲ್ಲದಿದ್ದರೆ ಈ ಒಂದು ದಿನ ಉಳಿಸಬಹುದು. ಕೊಯಮತ್ತೂರಿನ ಉಕ್ಕಡಂ ಬಳಿಯ ಹಳೆ ಪುಸ್ತಕದ ಸಾಲಿಗೆ ಎರಡು ಗಂಟೆ ಸಾಕು.

ಕೊಯಮತ್ತೂರಿನಿಂದ ಮೈಸೂರಿಗೆ ಎರಡು ದಾರಿ. ಸತ್ಯಮಂಗಲ, ದಿಂಬಂ ಘಾಟಿ, ಚಾಮರಾಜನಗರದ ದಾರಿಯಲ್ಲಿ 27 ಹಿಮ್ಮುರಿ ತಿರುವುಗಳಿವೆ. ಊಟಿಯ ದಾರಿಯಾದರೆ ನೀಲಗಿರಿಗೆ ಇ-ಪಾಸ್ ಮೊದಲೇ ಪಡೆಯಬೇಕು, 2024ರಿಂದ ಈ ನಿಯಮ ಇದೆ. ಮುಂದೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ದಿಂಬಂ ದಾರಿಯಲ್ಲೂ ರಾತ್ರಿ ನಿರ್ಬಂಧ ಇದೆ. ಯಾವ ದಾರಿಯಾದರೂ ಸಂಜೆ 5ಕ್ಕೆ ಕಾಡು ದಾಟಿರುವಂತೆ ಕೊಯಮತ್ತೂರು ಬಿಡಿ. ಹಿಂದೆ ಭಾರ ತುಂಬಿದ ಕಾರಿಗೆ ಘಾಟಿಯಲ್ಲಿ ಬ್ರೇಕು ತಡವಾಗಿ ಹಿಡಿಯುತ್ತದೆ. ಹೊರಡುವ ಮುಂಚೆ ಬ್ರೇಕು, ಚಕ್ರದ ಗಾಳಿ ಎರಡನ್ನೂ ನೋಡಿಸಿ.

ಮೈಸೂರಿನಲ್ಲಿ ಮೊದಲು ವಿಶ್ವವಿದ್ಯಾನಿಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗಕ್ಕೆ ಹೋಗಿ. ಆಮೇಲೆ ಊರಿನ ಹಳೆ ಪುಸ್ತಕದಂಗಡಿಗಳು. ಕೊನೆಯ ದಿನ ಪಾಂಡವಪುರದ ಹತ್ತಿರದ ಹರಳಹಳ್ಳಿಗೆ ಹೋಗಿ. ಅಂಕೇಗೌಡರು ತಮ್ಮ ಜೀವಮಾನದ ದುಡಿಮೆಯನ್ನೆಲ್ಲ ಹಾಕಿ ಕಟ್ಟಿದ ಪುಸ್ತಕ ಮನೆ ಅಲ್ಲಿದೆ. ಅದು ಕೊಳ್ಳುವ ಜಾಗವಲ್ಲ, ಓದುವ ಜಾಗ. ನಿಮ್ಮ ಪಟ್ಟಿಯ ಪುಸ್ತಕದ ಬೇರೆ ಬೇರೆ ಮುದ್ರಣಗಳನ್ನು ಕೈಯಲ್ಲಿ ಹಿಡಿದು ಹೋಲಿಸಲು ಇಂಥ ಅವಕಾಶ ಮತ್ತೆಲ್ಲೂ ಸುಲಭವಾಗಿ ಸಿಗದು. ಒಂದು ಮಧ್ಯಾಹ್ನ ಇದಕ್ಕೆಂದೇ ಇಡಿ.

ಹಂತ 5: ಕೊಳ್ಳುವ ಮುಂಚೆ ಪುಸ್ತಕವನ್ನು ಪರೀಕ್ಷಿಸಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಕಾದ ಹಂತ ಇದು. ಒಂದು ಪುಸ್ತಕಕ್ಕೆ ಮೂರು ನಿಮಿಷ ಕೊಡಿ.

ಮೊದಲು ಹುಳು. ಬಿಳಿ ಹಾಳೆಯನ್ನು ಕೆಳಗೆ ಹಿಡಿದು, ಪುಸ್ತಕದ ಬೆನ್ನನ್ನು ಅಂಗೈಯಿಂದ ಎರಡು ಸಲ ತಟ್ಟಿ. ಹಾಳೆಯ ಮೇಲೆ ಬರಿ ಧೂಳು ಬಿದ್ದರೆ ಅದು ಬೂದು ಬಣ್ಣದ್ದು, ಹಗುರ, ಊದಿದರೆ ಹಾರುತ್ತದೆ. ರವೆಯಂಥ, ಕಾಗದದ ಬಣ್ಣದ ಪುಡಿ ಬಿದ್ದರೆ ಒಳಗೆ ಹುಳು ಕೊರೆಯುತ್ತಿರಬಹುದು. ದುಂಡನೆಯ ತೂತುಗಳಿದ್ದು ಪುಡಿ ಬೀಳದಿದ್ದರೆ ಬಹುಶಃ ಹಳೆಯ ಗಾಯ, ಕೊಳ್ಳಬಹುದು. ಕೊರೆಯುವ ಹುಳು ನೇರ ತೂತು ಮಾಡುತ್ತದೆ. ಬೆಳ್ಳಿಯ ಹೊಳಪಿನ, ಮೀನಿನ ಆಕಾರದ ಸಣ್ಣ ಹುಳು ಕಾಗದದ ಮೇಲ್ಪದರವನ್ನು ಅಲ್ಲಲ್ಲಿ ಕೆರೆದು ತೆಳ್ಳಗೆ ಮಾಡುತ್ತದೆ. ಅಂಚು ಮಣ್ಣು ಮೆತ್ತಿಕೊಂಡು ತಿಂದುಹೋಗಿದ್ದರೆ ಗೆದ್ದಲು. ಮಣ್ಣು ಕಂಡ ಪುಸ್ತಕವನ್ನು, ಎಷ್ಟೇ ಅಪರೂಪದ್ದಾದರೂ, ಕೆಳಗಿಡಿ.

ಆಮೇಲೆ ವಾಸನೆ. ನಡುವೆ ತೆರೆದು ಮೂಸಿ. ಹಳೆಯ ಕಾಗದದ ವಾಸನೆ ಒಣಗಿದ ಹುಲ್ಲಿನಂತೆ ಇರುತ್ತದೆ. ಬಚ್ಚಲುಮನೆಯ ಮೂಲೆಯ ವಾಸನೆ ಬಂದರೆ ಬೂಷ್ಟು ಹಿಡಿದಿದೆ. ಕಂದು ಚುಕ್ಕೆಗಳು ಇದ್ದರೆ ಅಂಜಬೇಕಿಲ್ಲ. ಬಿಳಿ ಅಥವಾ ಹಸಿರು ನಯವಾದ ಪದರ ಕಂಡರೆ ಮುಟ್ಟಿದ ಕೈ ತೊಳೆದುಕೊಳ್ಳಿ.

ಮೂರನೆಯದು ಪುಟಗಳು. ಪುಟ ಸಂಖ್ಯೆಯನ್ನು ಒಂದೊಂದಾಗಿ ನೋಡುವ ಅಗತ್ಯವಿಲ್ಲ. ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ, ಅಂದರೆ ಒಂದೇ ದೊಡ್ಡ ಹಾಳೆಯಲ್ಲಿ ಮುದ್ರಿಸಿ ಮಡಿಸಿದ ಪುಟಗಳ ಕಟ್ಟು. ಒಂದೊಂದು ಫಾರಂಗೆ 8 ಅಥವಾ 16 ಪುಟ. ಪುಸ್ತಕ ಕಟ್ಟುವಾಗ ಬಿಟ್ಟುಹೋದರೆ ಇಡೀ ಫಾರಂ ಬಿಟ್ಟುಹೋಗುತ್ತದೆ, ತಲೆಕೆಳಗಾದರೂ ಎರಡು ಸಲ ಬಂದರೂ ಇಡೀ ಫಾರಂ. ಹಾಗಾಗಿ 1, 17, 33, 49 ಹೀಗೆ ಹದಿನಾರರ ಹೆಜ್ಜೆಯಲ್ಲಿ ನೋಡುತ್ತ ಹೋಗಿ, ನಡುವಿನ ಪುಟಗಳನ್ನು ಹೆಬ್ಬೆರಳಿನಿಂದ ಸರಿಸಿ. ಅಚ್ಚುಮೊಳೆ ಜೋಡಿಸಿ ಮುದ್ರಿಸಿದ ಅನೇಕ ಪುಸ್ತಕಗಳಲ್ಲಿ ಪ್ರತಿ ಫಾರಮಿನ ಮೊದಲ ಪುಟದ ಕೆಳ ಅಂಚಿನಲ್ಲಿ ಒಂದು ಪುಟ್ಟ ಅಂಕಿ ಇರುತ್ತದೆ. ಆ ಅಂಕಿಗಳು ಸಾಲಾಗಿ ಬಂದರೆ ಯಾವ ಫಾರಮೂ ಬಿಟ್ಟುಹೋಗಿಲ್ಲ ಎಂದರ್ಥ. ಕೊನೆಯ ಪುಟ ಮತ್ತು ಪದಕೋಶ, ಶುದ್ಧಿಪತ್ರ ಇವೆಯೇ ಎಂದು ತಪ್ಪದೆ ನೋಡಿ. ಹೆಚ್ಚಾಗಿ ಕಿತ್ತುಹೋಗುವುದು ಅವೇ.

ನಾಲ್ಕನೆಯದು ಕಾಲ. ಮುದ್ರಣ ವಿವರದ ಪುಟ ಹರಿದುಹೋಗಿದ್ದರೂ ಕಾಲವನ್ನು ಅಂದಾಜು ಮಾಡಬಹುದು. ಬೆಲೆ ಆಣೆಗಳಲ್ಲಿದ್ದರೆ ಪುಸ್ತಕ ಬಹುಮಟ್ಟಿಗೆ 1957ಕ್ಕಿಂತ ಹಿಂದಿನದು. ಆ ವರ್ಷದ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗಿಂತ ಮೊದಲಿನದು. ಹದಿಮೂರು ಅಂಕಿಯ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಕಂಡರೆ ಸುಮಾರು 2007ರಿಂದ ಈಚಿನ ಮುದ್ರಣ. ‘ಮೊದಲ ಮುದ್ರಣ’ ಎಂದು ಹೇಳಿ ಹೆಚ್ಚು ಬೆಲೆ ಕೇಳುವವರ ಮುಂದೆ ಈ ನಾಲ್ಕು ಗುರುತುಗಳು ನಿಮ್ಮ ಕೈಹಿಡಿಯುತ್ತವೆ.

ಕೊಳ್ಳಲೇಬಾರದ ಮೂರು ಬಗೆಗಳಿವೆ. ಗ್ರಂಥಾಲಯದ ಮುದ್ರೆ ಇದ್ದು, ರದ್ದು ಮಾಡಿದ ಮುದ್ರೆ ಇಲ್ಲದ ಪುಸ್ತಕ. ಅದು ಯಾವುದೋ ಊರಿನ ಓದುಗರಿಂದ ಕಸಿದ ಪುಸ್ತಕವಿರಬಹುದು. ಎರಡು, ನಕಲು ಮುದ್ರಣ: ಅಕ್ಷರದ ಅಂಚು ಮಸುಕಾಗಿರುತ್ತದೆ, ಪುಟ ಓರೆಯಾಗಿರುತ್ತದೆ, ಮುಖಪುಟದ ಬಣ್ಣ ಕದಡಿರುತ್ತದೆ. ಲೇಖಕರಿಗೆ ಅದರಿಂದ ಒಂದು ಪೈಸೆಯೂ ಹೋಗುವುದಿಲ್ಲ. ಮೂರು, ಓಲೆಗರಿ ಮತ್ತು ಕೈಬರಹದ ಕಟ್ಟುಗಳು. 75 ವರ್ಷ ದಾಟಿದ, ಸಾಹಿತ್ಯಕ ಅಥವಾ ಐತಿಹಾಸಿಕ ಮೌಲ್ಯದ ಹಸ್ತಪ್ರತಿಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ರಸ್ತೆಬದಿಯಲ್ಲಿ ಕಂಡರೆ ಕೊಳ್ಳದೆ, ಹತ್ತಿರದ ವಿಶ್ವವಿದ್ಯಾನಿಲಯದ ಹಸ್ತಪ್ರತಿ ವಿಭಾಗಕ್ಕೆ ತಿಳಿಸಿ.

ಹಂತ 6: ಬೆಲೆ ಮಾತನಾಡುವುದು

ಬೇಕಾದ ಪುಸ್ತಕವನ್ನು ಒಂದೊಂದಾಗಿ ಕೇಳಬೇಡಿ. ಆರಿಸಿದ್ದನ್ನೆಲ್ಲ ಒಂದು ಕಡೆ ಪೇರಿಸಿ, ಕೊನೆಗೆ ಒಟ್ಟಿಗೆ ಬೆಲೆ ಕೇಳಿ. “ಅಣ್ಣಾ, ಇಷ್ಟಕ್ಕೂ ಸೇರಿಸಿ ಒಂದು ಮಾತು ಹೇಳಿ” ಎಂದರೆ ಸಾಕು. ಪುಸ್ತಕದ ಕುಂದನ್ನು ತೋರಿಸಿ ಹೀಗಳೆಯುವುದು ತಪ್ಪು. ಅವರು ಅದನ್ನು ರದ್ದಿಯ ತಕ್ಕಡಿಯಿಂದ ಉಳಿಸಿ ತಂದವರು. ಬೆಲೆ ಒಗ್ಗದಿದ್ದರೆ ನಮಸ್ಕಾರ ಹೇಳಿ ಬನ್ನಿ. ಎರಡನೆಯ ಸಲ ಹೋದಾಗ ನಿಮಗಾಗಿ ತೆಗೆದಿಟ್ಟಿರುವುದು ಇಂಥವರೇ.

ಹಂತ 7: ಕಾರಿನಲ್ಲಿ ತುಂಬುವುದು

ಡಿಕ್ಕಿಯ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಪೆಟ್ಟಿಗೆ ಇಡಿ. ದೊಡ್ಡ ಪುಸ್ತಕಗಳನ್ನು ಮಲಗಿಸಿ ಕೆಳಗೆ, ಚಿಕ್ಕವು ಮೇಲೆ. ನಿಲ್ಲಿಸುವುದಾದರೆ ಕಪಾಟಿನಲ್ಲಿ ನಿಂತ ಹಾಗೆಯೇ ನೇರವಾಗಿ ನಿಲ್ಲಿಸಿ. ಪುಟ ತೆರೆಯುವ ಬದಿ ಕೆಳಗಾದರೆ ಒಳಗಿನ ಕಟ್ಟು ತನ್ನ ಭಾರಕ್ಕೇ ರಟ್ಟಿನಿಂದ ಕಿತ್ತುಕೊಂಡು ಬರುತ್ತದೆ. ಸಂದುಗಳಿಗೆ ಹತ್ತಿ ಬಟ್ಟೆ ತುರುಕಿ. ಹುಳುವಿನ ಅನುಮಾನ ಇರುವುದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ, ಬೇರೆ ಪೆಟ್ಟಿಗೆಗೆ ಹಾಕಿ.

ನೀರಿನ ಕ್ಯಾನು, ಚಿತ್ರಾನ್ನದ ಡಬ್ಬಿ, ಮಾವಿನಹಣ್ಣು, ಒದ್ದೆ ಟವೆಲ್ಲು ಇವೆಲ್ಲ ಹಿಂದಿನ ಸೀಟಿನ ಬುಡದಲ್ಲಿರಲಿ, ಡಿಕ್ಕಿಯಲ್ಲಿ ಬೇಡ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಹಳೆಯ ಅಂಟು ಮೆತ್ತಗಾಗಿ ಬೆನ್ನು ಸಡಿಲವಾಗುತ್ತದೆ. ನೆರಳು ಸಿಗದಿದ್ದರೆ ಪೆಟ್ಟಿಗೆಗಳನ್ನು ರಾತ್ರಿ ತಂಗುವ ಕೋಣೆಗೆ ಒಯ್ಯಿರಿ.

ಕಾರು ತುಂಬಿದ ಮೇಲೂ ಪುಸ್ತಕ ಸಿಕ್ಕಿದರೆ ಅಂಚೆಯಲ್ಲಿ ಕಳಿಸಿ. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಆರಂಭಿಸಿದ ಜ್ಞಾನ ಪೋಸ್ಟ್‌ನಲ್ಲಿ, ಆರಂಭದ ದರದಂತೆ, 300 ಗ್ರಾಂಗೆ 20 ರೂಪಾಯಿಯಿಂದ 5 ಕಿಲೋಗೆ 100 ರೂಪಾಯಿವರೆಗೆ ಆಗುತ್ತದೆ, ತೆರಿಗೆ ಬೇರೆ. ಇದು ಶೈಕ್ಷಣಿಕ, ಸಾಂಸ್ಕೃತಿಕ, ಧಾರ್ಮಿಕ ಮುದ್ರಿತ ಪುಸ್ತಕಗಳಿಗೆ ಮಾತ್ರ, ನೆಲಮಾರ್ಗದಲ್ಲಿ ಬರುತ್ತದೆ.

ಹಂತ 8: ಬಂದ ಪುಸ್ತಕ ಕಪಾಟಿಗೆ ಹೋಗುವ ಮುಂಚೆ

ಹಲವು ವರ್ಷಗಳ ಹಿಂದೆ ಇಂಥದೇ ಒಂದು ಸುತ್ತಿನಿಂದ ರಾತ್ರಿ ಹನ್ನೊಂದಕ್ಕೆ ಮನೆ ತಲುಪಿ, ಖುಷಿಯಲ್ಲಿ ಹದಿನಾಲ್ಕು ಪುಸ್ತಕಗಳನ್ನು ಆಗಲೇ ಕಪಾಟಿಗೆ ಜೋಡಿಸಿಬಿಟ್ಟೆ. ಮಳೆಗಾಲದ ಕೊನೆಗೆ ತಂದೆಯವರು ಶಾಲೆಯ ದಿನಗಳಿಂದ ಕಾಪಾಡಿಕೊಂಡು ಬಂದಿದ್ದ ಹಳಗನ್ನಡ ಕಾವ್ಯದ ಪ್ರತಿಯನ್ನು ತೆಗೆದೆ. ಮುಖಪುಟದಲ್ಲಿ ಸಾಸಿವೆಯಷ್ಟು ಒಂದು ತೂತು. ತೆರೆದರೆ ಅದು ಕೊನೆಯ ಪುಟದವರೆಗೂ ಇಳಿದಿತ್ತು. ಅಂಚಿನಲ್ಲಿ ಅವರು ಸೀಸದ ಕಡ್ಡಿಯಲ್ಲಿ ಬರೆದಿದ್ದ ಅರ್ಥಗಳು ಪುಡಿಯಾಗಿ ಮಡಿಲಿಗೆ ಬಿದ್ದವು. ಈ ಹಂತವನ್ನು ನಾನು ಇಷ್ಟು ಒತ್ತಿ ಬರೆಯುತ್ತಿರುವುದು ಅದಕ್ಕೇ.

ತಂದ ಪೆಟ್ಟಿಗೆಗಳನ್ನು ಪುಸ್ತಕದ ಕಪಾಟಿರುವ ಕೋಣೆಗೆ ಒಯ್ಯಬೇಡಿ. ಮುಚ್ಚಿದ ಬಾಲ್ಕನಿ, ಸಾಮಾನು ಕೋಣೆ, ಎಲ್ಲಾದರೂ ಒಣ ಜಾಗದಲ್ಲಿ, ನೆಲದಿಂದ ಎತ್ತರಿಸಿ, ಕನಿಷ್ಠ ಒಂದು ತಿಂಗಳು ಇಡಿ. ಬಿಳಿ ಹಾಳೆಯ ಮೇಲೆ ಪುಸ್ತಕವಿಟ್ಟು ವಾರಕ್ಕೊಮ್ಮೆ ನೋಡಿ. ಹೊಸ ಪುಡಿ ಬಿದ್ದರೆ ಹುಳು ಬದುಕಿದೆ ಎಂದರ್ಥ.

ಬದುಕಿರುವ ಹುಳುವಿಗೆ ಮನೆಯ ಫ್ರೀಜರ್ ಒಳ್ಳೆಯ ಉಪಾಯ. ಪುಸ್ತಕ ಪೂರ್ತಿ ಒಣಗಿರಬೇಕು. ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಎರಡು ಪದರ ಮುಚ್ಚಿ. ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಎರಡು ವಾರ ಇಡಿ. ಫ್ರಿಜ್ಜಿನ ಕೆಳಗಿನ ಭಾಗದಲ್ಲಿಟ್ಟರೆ ಏನೂ ಪ್ರಯೋಜನವಿಲ್ಲ. ಹೊರತೆಗೆದ ಮೇಲೆ ಚೀಲವನ್ನು ಇಡೀ ಒಂದು ದಿನ ಬಿಚ್ಚಬೇಡಿ. ಎಲ್ಲರೂ ಎಡವುವುದು ಇಲ್ಲಿ. ತಣ್ಣಗಿರುವಾಗಲೇ ಬಿಚ್ಚಿದರೆ ಗಾಳಿಯ ತೇವ ಕಾಗದದ ಮೇಲೆ ನೀರಾಗಿ ಕೂರುತ್ತದೆ.

ಬೂಷ್ಟಿಗೆ ಫ್ರೀಜರ್ ಮದ್ದಲ್ಲ. ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ನೆರಳಿನಲ್ಲಿ, ಪುಸ್ತಕ ಪೂರ್ತಿ ಒಣಗಿದ ಮೇಲೆ ಮೃದು ಬ್ರಷ್ಷಿನಿಂದ ನಿಮ್ಮಿಂದ ದೂರಕ್ಕೆ ಗುಡಿಸಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಬೂಷ್ಟು ಕಾಗದದೊಳಕ್ಕೆ ಇಳಿಯುತ್ತದೆ. ಉಬ್ಬಸ ಇರುವವರು ಈ ಕೆಲಸವನ್ನು ಬೇರೆಯವರಿಗೆ ಬಿಡಿ. ಹಪ್ಪಳ ಒಣಗಿಸುವ ಹಾಗೆ ಬಿಸಿಲಿಗೆ ಹಾಕುವ ಹಳೆಯ ಅಭ್ಯಾಸ ನಮ್ಮಲ್ಲಿದೆ. ನೇರ ಬಿಸಿಲಿಗೆ ಕಾಗದ ಹಳದಿಯಾಗಿ ಸೆಟೆದು ಮುರಿಯುತ್ತದೆ. ನೆರಳು ಮತ್ತು ಫ್ಯಾನಿನ ಗಾಳಿ ಸಾಕು.

ನುಸಿ ಗುಳಿಗೆಯನ್ನು ಪುಸ್ತಕದ ಕಪಾಟಿಗೆ ಹಾಕಬೇಡಿ. ಮಕ್ಕಳು ಬಾಯಿಗೆ ಹಾಕಿಕೊಂಡರೆ ಪ್ರಾಣಾಪಾಯ. ಕೆಲವು ಎಳೆಯ ಮಕ್ಕಳಿಗೆ ಅದರ ಹೊಗೆಯೇ ರಕ್ತಕಣಗಳನ್ನು ಒಡೆಯುವಷ್ಟು ಅಪಾಯಕಾರಿ. ಒಣಗಿದ ಬೇವಿನ ಎಲೆ, ಬಜೆಯ ತುಂಡು ಇಡಬಹುದು. ಅವು ಹುಳುವನ್ನು ಸ್ವಲ್ಪ ದೂರವಿಡುತ್ತವೆ, ಒಳಗೆ ಇರುವುದನ್ನು ಕೊಲ್ಲುವುದಿಲ್ಲ.

ಹಂತ 9: ದುರಸ್ತಿ ಮತ್ತು ಜೋಡಣೆ

ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ. ಕೆಲವು ವರ್ಷಗಳಲ್ಲಿ ಟೇಪು ಉದುರಿ, ಅಂಟು ಮಾತ್ರ ಕಂದು ಕಲೆಯಾಗಿ ಉಳಿಯುತ್ತದೆ. ಹರಿದ ಹಾಳೆಯನ್ನು ಹಾಗೆಯೇ ಸರಿಯಾಗಿ ಕೂಡಿಸಿ ಪುಸ್ತಕದೊಳಗೆ ಇಟ್ಟು, ಹೊರಗಿನಿಂದ ಹತ್ತಿಯ ಲಾಡಿ ಕಟ್ಟಿದರೂ ಆಯಿತು.

ಬೈಂಡಿಂಗ್ ಮಾಡಿಸುವುದಾದರೆ ಬೈಂಡರ್ ಹತ್ತಿರ ಮೂರು ಮಾತು ಮೊದಲೇ ಹೇಳಿ, ಚೀಟಿಯಲ್ಲೂ ಬರೆದು ಕೊಡಿ. ಅಂಚು ಕತ್ತರಿಸಬಾರದು. ಪಕ್ಕದಿಂದ ಚುಚ್ಚಿ ಹೊಲಿಯಬಾರದು, ಹಾಗೆ ಹೊಲಿದರೆ ಸಾಲಿನ ಕೊನೆಯ ಅಕ್ಷರಗಳು ಮಡಿಕೆಯೊಳಗೆ ಹೋಗಿ ಪುಸ್ತಕ ಪೂರ್ತಿ ತೆರೆಯುವುದಿಲ್ಲ. ಹಳೆಯ ಮುಖಪುಟವನ್ನು ಎಸೆಯದೆ ಒಳಗೆ ಸೇರಿಸಬೇಕು. ಮೈದಾ ಅಂಟಿಗೆ ಮೈಲುತುತ್ತ ಬೆರೆಸುವ ವಾಡಿಕೆ ಕೆಲವು ಕಡೆ ಇದೆ. ಅದು ವಿಷ, ಪುಟ ತಿರುವಲು ಬೆರಳಿಗೆ ಎಂಜಲು ಹಚ್ಚಿಕೊಳ್ಳುವ ಮಕ್ಕಳಿರುವ ಮನೆಗೆ ಅದು ಬೇಡ ಎಂದು ಹೇಳಿ.

ಕಪಾಟು ಗೋಡೆಯಿಂದ ಎರಡು ಅಂಗುಲ ದೂರವಿರಲಿ. ಬಚ್ಚಲುಮನೆಗೆ ಹೊಂದಿದ ಗೋಡೆಯ ಕಡೆ ಬೇಡ. ಕೆಳಗಿನ ಹಲಗೆ ನೆಲದಿಂದ ಅರ್ಧ ಅಡಿಯಾದರೂ ಎತ್ತರ ಇರಬೇಕು. ಬೆರಳು ಹಾಕಿ ಸುಲಭವಾಗಿ ಎಳೆಯುವಷ್ಟು ಸಡಿಲವಾಗಿ ಜೋಡಿಸಿ. ಬಿಗಿಯಾಗಿ ತುರುಕಿದರೆ ಮೊದಲು ಹರಿಯುವುದು ಬೆನ್ನಿನ ಮೇಲ್ತುದಿ.

ಜೋಡಿಸುವ ಮುಂಚೆ ಪ್ರತಿ ಪುಸ್ತಕದ ಒಳಹಾಳೆಯಲ್ಲಿ ಸೀಸದ ಕಡ್ಡಿಯಿಂದ ಊರು, ದಿನಾಂಕ, ಕೊಟ್ಟ ಬೆಲೆ ಬರೆಯಿರಿ. ಪೆನ್ನು ಬಳಸಬೇಡಿ. ಆಮೇಲೆ ಬೇಕಾದುದರ ಪಟ್ಟಿಯಿಂದ ಆ ಹೆಸರನ್ನು ಹೊಡೆದು, ಇರುವುದರ ಪಟ್ಟಿಗೆ ಸೇರಿಸಿ. ಮೂರು ತಿಂಗಳ ನಂತರದ ಒಂದು ಭಾನುವಾರವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅಂದು ಹೊಸದಾಗಿ ಬಂದ ಪುಸ್ತಕಗಳನ್ನೆಲ್ಲ ಮತ್ತೆ ಕೆಳಗಿಳಿಸಿ, ಬಿಳಿ ಹಾಳೆಯ ಮೇಲೆ ತಟ್ಟಿ ನೋಡಬೇಕು.